ಸತ್ತ ಕವಿಯ ಜೊತೆ ಜಗಳ

ಪ್ರೀತಿಯ ಗೆಳೆಯ,

ಮೇಷ್ಟ್ರ ನುಡಿನಮನದಲ್ಲಿ ಏನು ಮಾತಾಡಲಿ ಅಂತ ಕೇಳಿದ್ದೆಯಲ್ಲ, ಅದಕ್ಕೇ ಈ ಕಾಗದ. ಮೊದಲು ಒಂದು ಕೋರಿಕೆ: ‘ತುಂಬಲಾರದ ನಷ್ಟ’, ‘ಸಾರಸ್ವತ ಲೋಕ ಬಡವಾಯಿತು’, ಇವೆರಡನ್ನು ಮಾತ್ರ ಹೇಳಬೇಡ ಮಾರಾಯ. ಅದನ್ನು ಹೇಳೋಕೆ ಅಲ್ಲಿ ಬೇರೆ ಜನ ಇದ್ದೇ ಇರುತ್ತಾರೆ. ಫೋಟೊಗೆ ಹಾರ ಹಾಕಿ, ಒಂದು ನಿಮಿಷ ಮೌನ ಮುಗಿಸಿ, ಮೈಕ್ ಹಿಡಿದವರು ತೀರಿಕೊಂಡವರಿಗಿಂತ ತಮ್ಮ ಬಗ್ಗೆಯೇ ಜಾಸ್ತಿ ಹೇಳಿಕೊಳ್ಳುವುದನ್ನು ನಾವಿಬ್ಬರೂ ಬೇಕಾದಷ್ಟು ಸಲ ಕೇಳಿದ್ದೇವೆ, ಅಲ್ವಾ?

ಕವಿಯೊಬ್ಬ ಸತ್ತರೆ ಜೊತೆಯ ಬರಹಗಾರರು ಏನು ಮಾಡಬಹುದು ಅಂದಾಗ ನನಗೆ ನೆನಪಾಗುವುದು ಐರ್ಲೆಂಡಿನ ಡಬ್ಲ್ಯೂ.ಬಿ. ಯೇಟ್ಸ್. ಅವನು ಸತ್ತಿದ್ದು 1939ರ ಜನವರಿ 28ರಂದು, ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ. ವಯಸ್ಸು 73. ನೊಬೆಲ್ ಬಂದು ಆಗಲೇ ಹದಿನೈದು ವರ್ಷ ದಾಟಿತ್ತು. ಯೇಟ್ಸ್ ಸಾಯುವ ಎರಡು ದಿನ ಮುಂಚೆ ಇಂಗ್ಲಿಷ್ ಕವಿ ಡಬ್ಲ್ಯೂ.ಎಚ್. ಆಡೆನ್ ಇಂಗ್ಲೆಂಡ್ ಬಿಟ್ಟು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದು ಇಳಿದಿದ್ದ. ಅವನಿಗಿನ್ನೂ 31. ಹೊಸ ದೇಶ, ಕೊರೆಯುವ ಚಳಿ, ಯುರೋಪಿನಲ್ಲಿ ಯುದ್ಧ ಇವತ್ತೋ ನಾಳೆಯೋ ಅನ್ನುವ ಹಾಗಿದೆ. ಅಂಥ ಹೊತ್ತಿನಲ್ಲಿ ಯೇಟ್ಸ್ ನೆನಪಿಗೆ ಅಂತ ಒಂದು ಪದ್ಯ ಬರೆದ.

ಪದ್ಯದ ಶುರುವಿನಲ್ಲಿ ಹೊಳೆಗಳು ಹೆಪ್ಪುಗಟ್ಟಿವೆ, ವಿಮಾನ ನಿಲ್ದಾಣಗಳಲ್ಲಿ ಜನವಿಲ್ಲ, ಸಾಯುತ್ತಿರುವ ಹಗಲಿನ ಬಾಯಲ್ಲಿಟ್ಟ ಥರ್ಮಾಮೀಟರಿನ ಪಾದರಸ ಇಳಿಯುತ್ತಿದೆ. ಯೇಟ್ಸ್ ಕಣ್ಣು ಮುಚ್ಚಿದ್ದು ಮೆಡಿಟರೇನಿಯನ್ ಕಡಲ ಪಕ್ಕದ ಬೆಚ್ಚಗಿನ ಜಾಗದಲ್ಲಿ. ಈ ಹಿಮವೆಲ್ಲ ನ್ಯೂಯಾರ್ಕಿನದು ಅಂತ ನನ್ನ ಗುಮಾನಿ. ಇರಲಿ, ಸಾವಿನ ಸುದ್ದಿ ನಮಗೆ ಮುಟ್ಟುವುದು ನಾವಿರುವ ಊರಿನ ಹವೆಯಲ್ಲೇ ತಾನೆ.

ನಿನಗೆ ತೋರಿಸಬೇಕಾದದ್ದು ಎರಡನೆಯ ಭಾಗ. ಪದ್ಯ ಮಾರ್ಚ್ ತಿಂಗಳಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಮೊದಲು ಅಚ್ಚಾದಾಗ ಈ ಭಾಗ ಇರಲೇ ಇಲ್ಲ, ಆಮೇಲೆ ಸೇರಿಸಿದ್ದು. ಅದರಲ್ಲಿ ಆಡೆನ್ ಸತ್ತವನನ್ನೇ ಎದುರಿಗೆ ಕೂರಿಸಿಕೊಂಡು, ‘ನೀನೂ ನಮ್ಮ ಹಾಗೇ ಪೆದ್ದ’ ಅನ್ನುತ್ತಾನೆ. ಶ್ರೀಮಂತ ಹೆಂಗಸರ ಆಶ್ರಯ, ಮುಪ್ಪು, ಸಾಲದ್ದಕ್ಕೆ ನೀನೇ, ಇಷ್ಟನ್ನೂ ದಾಟಿ ನಿನ್ನ ಪ್ರತಿಭೆ ಉಳಿಯಿತು ಅನ್ನುತ್ತಾನೆ. ಚರಮಗೀತೆಯಲ್ಲಿ ಹೀಗೆ ಹೇಳೋಕೆ ಎಂಟೆದೆ ಬೇಕು. ನಮ್ಮಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಮಾರನೇ ದಿನವೇ ಖಂಡನಾ ಸಭೆ.

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಯೇಟ್ಸ್ ಕಿನ್ನರಿಯರನ್ನು ನಂಬುತ್ತಿದ್ದ, ಆತ್ಮಗಳ ಜೊತೆ ಮಾತಾಡುವ ಕೂಟಗಳಿಗೆ ಹೋಗುತ್ತಿದ್ದ. ಹೆಂಡತಿಯ ಕೈಯಲ್ಲಿ ಪ್ರೇತಗಳು ಬರೆಸಿದ್ದು ಅಂದುಕೊಂಡ ಹಾಳೆಗಳಿಂದ ಒಂದು ತತ್ವಶಾಸ್ತ್ರವನ್ನೇ ಕಟ್ಟಿದ. 1930ರ ದಶಕದಲ್ಲಿ ಐರ್ಲೆಂಡಿನ ಫ್ಯಾಸಿಸ್ಟ್ ಒಲವಿನ ‘ನೀಲಿ ಅಂಗಿ’ಯವರ ಕಡೆ ಸ್ವಲ್ಪ ಕಾಲ ವಾಲಿ, ಅವರಿಗೆ ಹಾಡನ್ನೂ ಬರೆದುಕೊಟ್ಟ. ಎಡಪಂಥದ ಹುಡುಗ ಆಡೆನ್‌ಗೆ ಇದೆಲ್ಲ ಹೇಗೆ ಹಿಡಿಸೀತು?

ಪದ್ಯದ ಜೊತೆಗೇ ಅವನು ಒಂದು ಗದ್ಯವನ್ನೂ ಬರೆದ. ಅದು ಕೋರ್ಟಿನ ರೂಪದಲ್ಲಿದೆ, ಆರೋಪಿ ದಿವಂಗತ ಯೇಟ್ಸ್. ಮೊದಲು ಸರ್ಕಾರಿ ವಕೀಲ ಎದ್ದು ನಿಂತು ಕಿನ್ನರಿ, ಮಾಟ, ಜಮೀನ್ದಾರರ ಮೇಲಿನ ಮೋಹ ಎಲ್ಲವನ್ನೂ ಹರಾಜು ಹಾಕುತ್ತಾನೆ. ಯೇಟ್ಸ್ 1936ರಲ್ಲಿ ಸಂಪಾದಿಸಿದ ಕವನ ಸಂಕಲನವನ್ನಂತೂ ಎತ್ತಿ ಒಗೆಯುತ್ತಾನೆ. ಮೊದಲ ಮಹಾಯುದ್ಧದ ಕವಿ ವಿಲ್ಫ್ರೆಡ್ ಓವನ್‌ನನ್ನು ಯೇಟ್ಸ್ ಕೈಬಿಟ್ಟಿದ್ದ ಸಂಕಲನ ಅದು. ಆಮೇಲೆ ಪ್ರತಿವಾದಿ ವಕೀಲ ಏಳುತ್ತಾನೆ. ಅವನ ವಾದ ಇಷ್ಟೇ: ಇವನ ಅಭಿಪ್ರಾಯ ಸರಿಯೋ ತಪ್ಪೋ ಅಂತ ನೋಡಿ ಪದ್ಯ ತೂಗಬೇಡಿ, ಕವಿ ನಿಜವಾಗಿ ಕೆಲಸ ಮಾಡುವ ಕ್ಷೇತ್ರ ಭಾಷೆ, ಅಲ್ಲಿ ಈತ ಏನು ಮಾಡಿದ ನೋಡಿ. ತೀರ್ಪನ್ನು ಆಡೆನ್ ಬರೆಯುವುದಿಲ್ಲ. ಎರಡು ಕಡೆಯ ವಕೀಲರೂ ಅವನೇ. ಓದುವಾಗ ನನಗೆ ಅನ್ನಿಸಿದ್ದು, ಎರಡನೆಯವನ ದನಿ ಸ್ವಲ್ಪ ಜೋರು. ಆದರೆ ಮೊದಲನೆಯವನೂ ಬಾಡಿಗೆ ವಕೀಲನಲ್ಲ.

ಮತ್ತೆ ಪದ್ಯಕ್ಕೆ ಬರುತ್ತೇನೆ. ಇಷ್ಟು ಜಗಳವಾಡಿದ ಮೇಲೆ ಮೂರನೆಯ ಭಾಗದಲ್ಲಿ ದನಿಯೇ ಬೇರೆ. ಗಿಡ್ಡ ಗಿಡ್ಡ ಸಾಲು, ಸಾಲಿಗೆ ತಾಳದ ನಾಲ್ಕು ಪೆಟ್ಟು, ಎರಡೆರಡು ಸಾಲಿಗೆ ಒಂದು ಪ್ರಾಸ. ಭೂಮಿತಾಯಿ, ಗೌರವದ ಅತಿಥಿಯೊಬ್ಬ ಬಂದಿದ್ದಾನೆ, ಬರಮಾಡಿಕೋ ಅಂತ ಶುರು. ಯೇಟ್ಸ್ ತನ್ನ ಗೋರಿಕಲ್ಲಿನ ಮೇಲೆ ಏನು ಕೆತ್ತಬೇಕು ಅಂತ ಕೊನೆಗಾಲದಲ್ಲಿ ಒಂದು ಪದ್ಯ ಬರೆದಿದ್ದನಲ್ಲ, ಅದರ ನಡಿಗೆಗೆ ಇದು ತೀರಾ ಹತ್ತಿರ. ಬೈದವನೇ ಕೊನೆಗೆ ಸತ್ತವನ ಚಪ್ಪಲಿ ಮೆಟ್ಟಿಕೊಂಡು ಅವನ ಹೆಣದ ಹಿಂದೆ ನಡೆದ ಹಾಗೆ.

ಮುಂದಿನ ವರ್ಷ, 1940ರಲ್ಲಿ, ಡಬ್ಲಿನ್ನಿನ ಆ್ಯಬಿ ರಂಗಮಂದಿರದಲ್ಲಿ ಕವಿ ಟಿ.ಎಸ್. ಎಲಿಯಟ್ ಯೇಟ್ಸ್ ಬಗ್ಗೆ ಉಪನ್ಯಾಸ ಕೊಟ್ಟ. ನಡುವಯಸ್ಸು ದಾಟಿದ ಮೇಲೂ ಹೊಸದಾಗುತ್ತ ಹೋದ ಕವಿ ಅಂತ ಮೆಚ್ಚಿಕೊಂಡ. ಒಳ್ಳೆಯ ಉಪನ್ಯಾಸವೇ. ಆದರೂ ಆಡೆನ್‌ನ ಜಗಳದ ಬಿಸಿ ಅದರಲ್ಲಿಲ್ಲ.

ಆಮೇಲೆ ಏನಾಯಿತು ಗೊತ್ತಾ? 1964ರಲ್ಲಿ ಸೋವಿಯತ್ ಕೋರ್ಟೊಂದು ಜೋಸೆಫ್ ಬ್ರಾಡ್‌ಸ್ಕಿ ಅನ್ನುವ ಹುಡುಗ ಕವಿಗೆ ‘ಕೆಲಸವಿಲ್ಲದ ಪರಾವಲಂಬಿ’ ಅಂತ ಐದು ವರ್ಷದ ಶಿಕ್ಷೆ ಕೊಟ್ಟಿತು. ಅವನನ್ನು ಅಟ್ಟಿದ್ದು ಉತ್ತರದ ಅರ್ಖಾಂಗೆಲ್ಸ್ಕ್ ಕಡೆಯ ನೊರೆನ್‌ಸ್ಕಾಯಾ ಅನ್ನುವ ಹಳ್ಳಿಗೆ. ಅಲ್ಲಿಗೆ ಮಾಸ್ಕೋದ ಗೆಳೆಯನೊಬ್ಬ ಇಂಗ್ಲಿಷ್ ಕವಿತೆಗಳ ಸಂಕಲನ ಕಳಿಸಿದ. ಅದರಲ್ಲಿ ಆಡೆನ್‌ನ ಈ ಪದ್ಯ. ಕಾಲ ಅನ್ನುವುದು ಧೈರ್ಯಕ್ಕೂ ಮಣಿಯಲ್ಲ, ಚೆಲುವಿಗೂ ಮಣಿಯಲ್ಲ, ಆದರೆ ಭಾಷೆಯನ್ನು ಪೂಜಿಸುತ್ತದೆ ಅನ್ನುವ ಸಾಲುಗಳು ಕಣ್ಣಿಗೆ ಬಿದ್ದವು. ಮರದ ಗುಡಿಸಲು, ಅಂಗೈಯಷ್ಟು ಚೌಕದ ಕಿಟಕಿ, ಹೊರಗೆ ಕೆಸರು ತುಂಬಿದ ರಸ್ತೆ, ಅದರ ಮೇಲೆ ಅಲೆಯುವ ಒಂದೆರಡು ಕೋಳಿ. ಅದನ್ನು ನೋಡುತ್ತ, ಈಗಷ್ಟೇ ಓದಿದ್ದನ್ನು ನಂಬಲೋ ಬೇಡವೋ ಅಂತ ಕೂತಿದ್ದೆ ಅಂತ ಅವನೇ ಮುಂದೆ ಬರೆದಿದ್ದಾನೆ. ತಮಾಷೆ ಅಂದರೆ, ಸ್ವತಃ ಆಡೆನ್ 1966ರ ಸಂಗ್ರಹದಿಂದ ಆ ಚರಣಗಳನ್ನೇ ಕಿತ್ತುಹಾಕಿದ! ಕಿಪ್ಲಿಂಗ್‌ನನ್ನೂ ಪಾಲ್ ಕ್ಲೊಡೆಲ್‌ನನ್ನೂ, ಅಭಿಪ್ರಾಯ ಏನೇ ಇದ್ದರೂ ಚೆನ್ನಾಗಿ ಬರೆದರು ಅಂತ, ಕಾಲ ಕ್ಷಮಿಸುತ್ತದೆ ಅನ್ನುವ ಮಾತು ಇದ್ದದ್ದೂ ಅಲ್ಲೇ. ನನ್ನ ಕೇಳಿದರೆ ಕೀಳಬಾರದಿತ್ತು. ಬರೆದವನು ಬೇಡ ಅಂದರೂ ಓದಿದವನು ಆಗಲೇ ಎತ್ತಿಟ್ಟುಕೊಂಡಾಗಿತ್ತು.

1965ರ ಜನವರಿಯಲ್ಲಿ ಎಲಿಯಟ್ ಸತ್ತ. ಸುದ್ದಿ ಕೇಳಿ ಬ್ರಾಡ್‌ಸ್ಕಿ ಆ ಹಳ್ಳಿಯಲ್ಲೇ ಕೂತು ರಷ್ಯನ್ನಿನಲ್ಲಿ ಅವನಿಗೆ ಚರಮಗೀತೆ ಬರೆದ. ಆಡೆನ್ ಯೇಟ್ಸ್‌ಗೆ ಕಟ್ಟಿದ ಹಾಗೇ ಮೂರು ಭಾಗ. 1972ರಲ್ಲಿ ದೇಶ ಬಿಡಿಸಿದಾಗ ಅವನು ವಿಯೆನ್ನಾಕ್ಕೆ ಬಂದು ಮೊದಲು ಹುಡುಕಿಕೊಂಡು ಹೋದದ್ದು ಆಸ್ಟ್ರಿಯಾದ ಹಳ್ಳಿಯಲ್ಲಿದ್ದ ಆಡೆನ್‌ನನ್ನು. ಮಾರನೇ ವರ್ಷ ಆಡೆನ್ ಹೋಗಿಬಿಟ್ಟ. 1977ರಲ್ಲಿ ಬ್ರಾಡ್‌ಸ್ಕಿ ನ್ಯೂಯಾರ್ಕಿನ ಒಂದು ಸಣ್ಣ ಅಂಗಡಿಯಲ್ಲಿ ಲೆಟೆರಾ 22 ಟೈಪ್‌ರೈಟರ್ ಕೊಂಡು ಇಂಗ್ಲಿಷಿನಲ್ಲಿ ಬರೆಯೋಕೆ ಶುರು ಮಾಡಿದ. ಯಾಕೆ ಅಂದರೆ, ಆಡೆನ್‌ಗೆ ಇನ್ನಷ್ಟು ಹತ್ತಿರ ಇರಬೇಕು ಅಂತ, ಅಷ್ಟೇ. ತೀರಿಹೋದವನಿಗೋಸ್ಕರ ಇನ್ನೊಂದು ಭಾಷೆಗೇ ದಾಟುವುದು! ಇದಕ್ಕಿಂತ ದೊಡ್ಡ ನುಡಿನಮನ ನಾನು ಕಂಡಿಲ್ಲ.

ನಮ್ಮಲ್ಲೂ ಇಲ್ಲದೆ ಇಲ್ಲ. ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡದ್ದೂ 1939ರಲ್ಲೇ. ಶ್ರೀರಾಮಾಯಣ ದರ್ಶನಂ ಅಚ್ಚಾದಾಗ ಕುವೆಂಪು ಆ ಗುರುವನ್ನು ಕೂಗಿ ಕರೆದು, ಇಗೋ ಮುಗಿಸಿ ತಂದಿದ್ದೇನೆ ಅಂತ ಕಾವ್ಯ ಒಪ್ಪಿಸುತ್ತಾರೆ. ಹೊಗಳಿಕೆಗಿಂತ ಹೆಚ್ಚಾಗಿ ಅಲ್ಲಿರುವುದು ಲೆಕ್ಕ ಒಪ್ಪಿಸುವ ಶಿಷ್ಯನ ದನಿ.

ಈಗ ಕೊನೆಯ ಕೊಂಡಿ. ಬ್ರಾಡ್‌ಸ್ಕಿ ಸತ್ತದ್ದು 1996ರಲ್ಲಿ, ವಯಸ್ಸು 55. ತಾರೀಖು ನೋಡು: ಜನವರಿ 28. ಯೇಟ್ಸ್ ಹೋದ ದಿನವೇ. ಐರ್ಲೆಂಡಿನ ಕವಿ ಸೀಮಸ್ ಹೀನಿ ಅವನ ಗೆಳೆಯ. ಆಡೆನ್ ಯೇಟ್ಸ್‌ಗೆ ಹಾಕಿದ ನಾಲ್ಕು ಪೆಟ್ಟಿನ ಆ ಗಿಡ್ಡ ಸಾಲನ್ನೇ ಹೀನಿ ಬ್ರಾಡ್‌ಸ್ಕಿಗೆ ಹಾಕಿದ. ಈ ತಾಳ ನಿನಗೆ ಗೊತ್ತಿರುವುದೇ ಕಣೋ ಜೋಸೆಫ್ ಅಂತ ಅವನನ್ನೇ ಮಾತಾಡಿಸುತ್ತ ಶುರು ಮಾಡುತ್ತಾನೆ. ತಾರೀಖು ಒಂದೇ ಆಗಿರುವುದನ್ನೂ ಎತ್ತಿ ಹೇಳುತ್ತಾನೆ. ಒಳಗೆ ನಗುವೂ ಇದೆ. ಮೆಣಸು ಹಾಕಿದ ವೋಡ್ಕಾ ಇದೆ, ಫಿನ್‌ಲೆಂಡಿನ ರೈಲಿನಲ್ಲಿ ಒಟ್ಟಿಗೆ ಕೂತು ಹೊಡೆದ ಪೋಲಿ ಜೋಕುಗಳಿವೆ. ಬ್ರಾಡ್‌ಸ್ಕಿ ಇಂಗ್ಲಿಷ್ ಬಳಸುತ್ತಿದ್ದ ರೀತಿ ಹೇಗಿತ್ತು ಅಂದರೆ, ಬ್ಯಾಂಕು ದೋಚಿ ಕದ್ದ ಕಾರನ್ನು ಗುರ್ ಅನ್ನಿಸಿದ ಹಾಗಿತ್ತಂತೆ! ಓದುವಾಗ ಆ ಮನುಷ್ಯ ಎದುರಿಗೇ ಬಂದು ಕೂರುತ್ತಾನೆ. ಮಹಾನ್ ಚೇತನ ಅಂತ ಬರೆದಿದ್ದರೆ ಬರುತ್ತಿದ್ದನಾ?

ಆದ್ದರಿಂದ ನಿನ್ನ ಭಾಷಣದಲ್ಲಿ ಮೇಷ್ಟ್ರ ಸಿಟ್ಟು ಬರಲಿ. ಅವರು ನಮ್ಮ ಪದ್ಯಗಳ ಮೇಲೆ ಕೆಂಪು ಶಾಯಿಯಲ್ಲಿ ‘ಇದು ಪ್ಯಾರಾ, ಪದ್ಯ ಅಲ್ಲ’ ಅಂತ ಗೀಚುತ್ತಿದ್ದದ್ದು ಬರಲಿ. ಹೊಸಬರ ಗದ್ಯಕವಿತೆ ಬಗ್ಗೆ ನೀನು ಅವರ ಮನೆ ಜಗಲಿಯಲ್ಲೇ ವಾದಕ್ಕಿಳಿದು, ಆಮೇಲೆ ತಿಂಗಳುಗಟ್ಟಲೆ ಮಾತು ಬಿಟ್ಟದ್ದನ್ನೂ ಹೇಳು. ಆ ವಿಷಯದಲ್ಲಿ ಅವರು ಹೇಳಿದ್ದು ತಪ್ಪು ಅಂತ ನಿನಗೆ ಇವತ್ತಿಗೂ ಅನ್ನಿಸುವುದಾದರೆ ಹಾಗೇ ಹೇಳು, ಮುಚ್ಚಿಡಬೇಡ. ಮನೆಯವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ ನಿಜ. ಅಮ್ಮನವರಿಗೆ ಮೇಷ್ಟ್ರ ಮುಂಗೋಪ ನಮಗಿಂತ ಚೆನ್ನಾಗಿ ಗೊತ್ತು, ಅವರೇನೂ ಬೇಜಾರು ಮಾಡಿಕೊಳ್ಳಲ್ಲ. ಅದು ಮುಗಿದ ಮೇಲೆ ಅವರದೇ ಭಾಮಿನಿ ಷಟ್ಪದಿಯ ಧಾಟಿಯಲ್ಲಿ ನಾಲ್ಕು ಸಾಲು ಕಟ್ಟಿ ಓದು. ಮಾತ್ರೆ ತಪ್ಪಿದರೂ ಪರವಾಗಿಲ್ಲ, ಕೆಂಪು ಶಾಯಿ ಇನ್ನು ಬರಲ್ಲ.

ಬ್ರಾಡ್‌ಸ್ಕಿಯ ಆಡೆನ್ ಬಗೆಗಿನ ಪ್ರಬಂಧದ ಜೆರಾಕ್ಸನ್ನು ಇದರ ಜೊತೆಗೇ ಇಟ್ಟಿದ್ದೇನೆ. ಅಂಚಿನಲ್ಲಿರುವ ಪೆನ್ಸಿಲ್ ಗೀಟು ನನ್ನವು, ಲೆಕ್ಕಕ್ಕೆ ತಗೋಬೇಡ. ಕಾರ್ಯಕ್ರಮ ಸಂಜೆಗೋ ಬೆಳಗ್ಗೆಗೋ ತಿಳಿಸು. ಸಂಜೆ ಆದರೆ ರಾತ್ರಿ ಬಸ್ಸಿಗೆ ವಾಪಸ್ ಹೊರಡೋದು ಕಷ್ಟ, ನಿಮ್ಮ ಮನೆಯಲ್ಲೇ ಉಳಿಯುತ್ತೇನೆ.

ನಿನ್ನವನು