ಲಿನಕ್ಸ್‌ಗೆ ಬಂದ್ರೂ ಸಿ ಡ್ರೈವ್ ಹುಡುಕೋ ಸಾಫ್ಟ್‌ವೇರ್

ಸಂಪಾದಕರೇ,

ವಿಂಡೋಸ್‌ಗೆ ಬರೆದ ಸಾಫ್ಟ್‌ವೇರನ್ನ ಲಿನಕ್ಸ್‌ಗೆ ತರೋರು ಮೊದ್ಲು ಎಡವೋದೇ ಫೈಲ್ ಪಾತ್, ಅಂದ್ರೆ ಫೈಲ್ ಎಲ್ಲಿದೆ ಅಂತ ಹೇಳೋ ವಿಳಾಸದ ಹತ್ರ. ಅದ್ರಲ್ಲಿ ಫೋಲ್ಡರ್ ಹೆಸರುಗಳ ನಡುವೆ ಲಿನಕ್ಸ್ ಸ್ಲ್ಯಾಷ್ (/) ಹಾಕತ್ತೆ, ವಿಂಡೋಸ್ ಬ್ಯಾಕ್‌ಸ್ಲ್ಯಾಷ್ (\). 1983ರಲ್ಲಿ ವಿಂಡೋಸ್‌ಗೂ ಮುಂಚಿನ ಡಾಸ್ 2.0ಗೆ ಫೋಲ್ಡರ್ ಬಂದಾಗ ಸ್ಲ್ಯಾಷ್ ಆಗ್ಲೇ ಕಮಾಂಡಿನ ಆಪ್ಶನ್‌ಗೆ ಬಳಕೆಲಿತ್ತು, ಅದಕ್ಕೇ ಬ್ಯಾಕ್‌ಸ್ಲ್ಯಾಷ್ ತಗೊಂಡ್ರು, ಇವತ್ತಿಗೂ ನಾವು ಅನುಭವಿಸ್ತಿದೀವಿ. ಅದಾದ್ರೂ ಬೇಗ ಕಣ್ಣಿಗೆ ಬೀಳತ್ತೆ ಬಿಡಿ, ಆದ್ರೆ ಫೈಲ್ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಶುರುವಾಗಿ ಕೋಡಲ್ಲಿ ಸಣ್ಣಕ್ಷರ ಹಾಕಿದ್ರೆ ವಿಂಡೋಸ್ ಸುಮ್ನೆ ಓಪನ್ ಮಾಡತ್ತೆ, ಲಿನಕ್ಸ್ ಮಾತ್ರ ಅಂಥ ಫೈಲೇ ಇಲ್ಲ ಅನ್ನತ್ತೆ, ಪ್ರೋಗ್ರಾಮರ್ ತಲೆ ಕೆರ್ಕೊಂಡು ಕೂತ್ಕೋತಾನೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಲಿ 2014ರಿಂದ ಪಾತ್‌ಲಿಬ್ ಅನ್ನೋ ರೆಡಿಮೇಡ್ ಕೋಡ್ ಇದೆ, ಸ್ಲ್ಯಾಷ್ ತಲೆನೋವು ಅದೇ ನೋಡ್ಕೊಳತ್ತೆ, ಆದ್ರೂ ಪಾತಿನ ತುಂಡುಗಳನ್ನ ಕೈಯಲ್ಲೇ ಅಂಟಿಸೋದು ಯಾಕೋ! ಕಾಲೇಜು ಲ್ಯಾಬಲ್ಲಿ ಮಕ್ಕಳ ಪ್ರಾಜೆಕ್ಟನ್ನ ಎರಡೂ ಸಿಸ್ಟಮಲ್ಲಿ ಓಡ್ಸಿ ನೋಡಿ ಆಮೇಲೆ ಮಾರ್ಕ್ಸ್ ಕೊಡ್ಲಿ.

– ಒಬ್ಬ ಪ್ರೋಗ್ರಾಮರ್, ಮೈಸೂರು