ಗಾಳಿಗೆ ಅಂತ ಎರಡು ದಿನ ಎತ್ತಿಡು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಪ್ಲಾನ್ ಎರಡು ಸಲ ಓದಿದೆ. ಜನವರಿಯಲ್ಲಿ ಚಿಲಿಗೆ ಹೋಗಿ ಟೊರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನದ ಪೂರ್ತಿ ಸುತ್ತು ನಡೆಯುತ್ತೀಯ ಅಂತ ತಿಳಿದು ಎಷ್ಟು ಖುಷಿಯಾಯಿತು ಅಂದರೆ, ರಾತ್ರಿ ಹಳೇ ಫೋಟೋಗಳನ್ನೆಲ್ಲ ತೆಗೆದು ಕೂತುಬಿಟ್ಟೆ. ಆದರೆ ಒಂದು ಸಾಲು ಮಾತ್ರ ಮನಸ್ಸಿಗೆ ಸರಿ ಬರಲಿಲ್ಲ. ಎಂಟನೇ ದಿನ ಸಂಜೆ ನಡಿಗೆ ಮುಗಿಯುತ್ತದೆ, ಮರುದಿನವೇ ಪುಂತಾ ಅರೆನಾಸ್‌ನಿಂದ ವಿಮಾನ ಅಂತ ಬರೆದಿದ್ದೀಯಲ್ಲ, ಅದು ಬೇಡ ಮಾರಾಯ. ಕೊನೆಗೆ ಎರಡು ದಿನ ಖಾಲಿ ಇಟ್ಟುಕೋ. ಈ ಪತ್ರ ಬರೆಯುತ್ತಿರುವುದೇ ಅದನ್ನು ಹೇಳಲಿಕ್ಕೆ.

ಬೆಟ್ಟ ದಾಟುವ ಜಾಗವಾದ ಜಾನ್ ಗಾರ್ಡ್ನರ್ ಪಾಸಿನ ಪಕ್ಕ ನೀನು "1,200 ಮೀಟರ್, ಸುಲಭ" ಅಂತ ಗುರುತು ಹಾಕಿದ್ದೀಯ. ಕುಮಾರ ಪರ್ವತವೇ 1,712 ಮೀಟರ್. ಅದನ್ನು ಮಳೆಗಾಲ ಮುಗಿದ ಮೇಲೆ ನಾವಿಬ್ಬರೂ ಎಷ್ಟು ಸಲ ಹತ್ತಿಲ್ಲ? ಹಾಗಾಗಿ ನಿನಗೆ ಹಾಗೆ ಅನಿಸಿದೆ, ನನಗೂ ಅನಿಸಿತ್ತು. ಅಲ್ಲಿ ಕಾಲು ಕಟ್ಟಿಹಾಕುವುದು ಗಾಳಿ. ಆ ಜಾಗ ಇರುವುದು 51 ಡಿಗ್ರಿ ದಕ್ಷಿಣದಲ್ಲಿ. ಭೂಪಟ ತೆಗೆದು ಆ ಗೆರೆಯ ಮೇಲೆ ಬೆರಳಿಟ್ಟು ಒಂದು ಸುತ್ತು ಬಾ. ಹೆಚ್ಚುಕಡಿಮೆ ಬರೀ ನೀರು. ಪಶ್ಚಿಮದಿಂದ ಬೀಸುವ ಗಾಳಿಗೆ ಇಡೀ ಪೆಸಿಫಿಕ್ ಸಾಗರದಲ್ಲಿ ತಡೆ ಅನ್ನುವಂಥದ್ದೇ ಇಲ್ಲ. ಅಡ್ಡ ಸಿಗುವುದು ದಕ್ಷಿಣ ಅಮೆರಿಕದ ತುದಿಯ ಈ ಪ್ಯಾಟಗೋನಿಯಾದ ಬೆಟ್ಟಗಳೇ. ಬೇಸಿಗೆಯಲ್ಲೇ, ಅಂದರೆ ಡಿಸೆಂಬರ್, ಜನವರಿಯಲ್ಲೇ ಅದರ ಜೋರು ಜಾಸ್ತಿ. ಗಂಟೆಗೆ 100 ಕಿಲೋಮೀಟರ್ ದಾಟುವ ಗಾಳಿ ಅಲ್ಲಿಯವರಿಗೆ ಹೊಸದಲ್ಲ. ಈ ಸುತ್ತನ್ನು ಎಡಸುತ್ತಾಗಿ, ಅಂದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಮಾತ್ರ ನಡೆಯಲು ಬಿಡುತ್ತಾರೆ. ಹಾಗಾಗಿ ಪಾಸ್ ಹತ್ತುವಾಗ ನೀನು ಪಶ್ಚಿಮಕ್ಕೇ ಮುಖ ಮಾಡಿರುತ್ತೀಯ.

ಮೊದಲ ಮೂರು ದಿನ ಏನೂ ಗೊತ್ತಾಗುವುದಿಲ್ಲ. ಸೆರೋನ್ ಕಡೆ ಬಯಲು ತುಂಬ ಬಿಳಿ ಹೂವು. ಡಿಕ್ಸನ್ ಕ್ಯಾಂಪು ಸರೋವರದ ದಂಡೆಯಲ್ಲಿದೆ, ಸೊಳ್ಳೆ ಬಿಟ್ಟರೆ ಸ್ವರ್ಗ. ನಾನು ಹೋದ ಸಲ ನಾಲ್ಕನೇ ದಿನ ಬೆಳಗಿನ ಜಾವ ಲಾಸ್ ಪೆರ್ರೋಸ್ ಕ್ಯಾಂಪಿನಿಂದ ಹೊರಟೆವು. ಕೆಸರು, ಬೇರು, ಲೆಂಗಾ ಮರಗಳ ಕಾಡು. ಮೇಲೆ ಹೋದ ಹಾಗೆ ಅದೇ ಮರ ಕುಳ್ಳಾಗುತ್ತಾ ಬರುತ್ತದೆ. ಎದೆಮಟ್ಟ, ಆಮೇಲೆ ಮೊಣಕಾಲುಮಟ್ಟ, ಕೊನೆಗೆ ನೆಲಕ್ಕೆ ಅಂಟಿಕೊಂಡೇ ಮಲಗಿರುತ್ತದೆ. ಅಲ್ಲಿಂದ ಮೇಲೆ ಕಲ್ಲು, ಅಷ್ಟೇ.

ಗಾಳಿ ಬರುವುದು ಮೊದಲು ಕಿವಿಗೆ ಕೇಳಿಸುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾಣದ ಲಾರಿ ಏರಿ ಬರುವ ಸದ್ದು ಇರುತ್ತದಲ್ಲ, ಹಾಗೆ. ಎರಡು ಮೂರು ಸೆಕೆಂಡು ಸಿಗುತ್ತದೆ. ಅಷ್ಟರಲ್ಲಿ ಎರಡೂ ಕೋಲು ಊರಿ, ಒಂದು ಮೊಣಕಾಲು ನೆಲಕ್ಕೆ ಕೊಟ್ಟು, ತಲೆ ತಗ್ಗಿಸಿ ಕೂತುಬಿಡಬೇಕು. ಸಣ್ಣ ಕಲ್ಲಿನ ಹರಳು ಕೆನ್ನೆಗೆ ಬಡಿಯುತ್ತದೆ. ಬ್ಯಾಗಿನ ಪಟ್ಟಿ ಬಿಗಿ ಮಾಡಲು ನಾನು ಬಲಗೈಯ ಗ್ಲೌಸ್ ತೆಗೆದು ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ಒಂದು ಹೊಡೆತಕ್ಕೆ ಅದು ಬಾಯಿಂದ ಕಿತ್ತು ಹೋಯಿತು. ಬಿದ್ದದ್ದು ಕೂಡ ಕಾಣಲಿಲ್ಲ. ಹತ್ತು ನಿಮಿಷದಲ್ಲಿ ಆ ಕೈಯ ಬೆರಳುಗಳಿಗೆ ಬಕಲ್ ಹಾಕುವ ಶಕ್ತಿಯೂ ಉಳಿಯಲಿಲ್ಲ.

ಪಾಸ್ ಕಣ್ಣೆದುರೇ ಇತ್ತು. ಹಿಂದೆ ಬರುತ್ತಿದ್ದ ಚಿಲಿಯ ಹೆಂಗಸೊಬ್ಬಳು ನನ್ನ ಬ್ಯಾಗ್ ತಟ್ಟಿ ಕೆಳಗೆ ಕೈ ತೋರಿಸಿದಳು. ಮಾತಾಡಿದರೆ ಕೇಳಿಸುವ ಹಾಗಿರಲಿಲ್ಲ. ನನಗೆ ಅಳು ಬಂತು, ನಿಜ. ಆ ರಾತ್ರಿಗೆ ಗ್ರೇ ಕ್ಯಾಂಪಿನಲ್ಲಿ ಬುಕಿಂಗ್ ಇತ್ತು. ಪ್ರತಿ ರಾತ್ರಿಯ ಜಾಗವನ್ನೂ ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕಲ್ಲ, ಒಂದು ದಿನ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಜನ ಅಂಥ ಗಾಳಿಯಲ್ಲೂ ಮುಂದೆ ಹೋಗುವುದು ಈ ಚೀಟಿಗಳಿಗೆ ಹೆದರಿಯೇ ಅಂತ ನನಗೆ ಅವತ್ತು ಅರ್ಥವಾಯಿತು. ನಾವು ಇಳಿದೆವು.

2025ರ ನವೆಂಬರ್‌ನಲ್ಲಿ ಅದೇ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ಐದು ಜನ ಚಾರಣಿಗರು ತೀರಿಕೊಂಡರು. ಸುದ್ದಿ ಓದಿದ ದಿನ ನಾನು ಬೇರೆ ಏನೂ ಮಾಡಲಾಗಲಿಲ್ಲ. ಆ ಕಲ್ಲು, ಆ ತಿರುವು, ಎಲ್ಲ ನನಗೆ ಗೊತ್ತಿರುವುದೇ.

ನಾವು ಇಳಿದ ಮರುದಿನವೂ ಗಾಳಿ ಇತ್ತು, ಆದರೆ ನಿಲ್ಲಬಹುದಾದ ಗಾಳಿ. ಪಾಸಿನ ಕೊನೆಯ ಹೆಜ್ಜೆ ಎತ್ತಿಟ್ಟೆ ನೋಡು, ಗ್ರೇ ಹಿಮನದಿ ಪೂರ್ತಿ ಒಂದೇ ಸಲಕ್ಕೆ ಕಾಲಬುಡದಲ್ಲಿ! ಎಡಕ್ಕೂ ಬಲಕ್ಕೂ ಕಣ್ಣು ಹೋದಷ್ಟು ದೂರ ಬಿರುಕುಬಿಟ್ಟ ಮಂಜುಗಡ್ಡೆ, ಬಿರುಕಿನೊಳಗೆ ನೀಲಿ. ಆಚೆ ದಂಡೆ ಮೋಡದಲ್ಲಿ ಮುಳುಗಿತ್ತು. ನಾನೂ ಆ ಹೆಂಗಸೂ ಅರ್ಧ ಗಂಟೆ ಒಂದು ಬಂಡೆಯ ಮರೆಯಲ್ಲಿ ಕೂತು ನೋಡಿದೆವು. ಅವಳಿಗೆ ನನ್ನ ಗೊಜ್ಜವಲಕ್ಕಿ ಕೊಟ್ಟೆ. ಎರಡನೇ ಸಲ ಕೇಳಿ ಹಾಕಿಸಿಕೊಂಡಳು.

ಪೋಂಚೋ ಒಯ್ಯಬೇಡ. ಅದು ಹಾಯಿಯ ಹಾಗೆ ಉಬ್ಬಿ ನಿನ್ನನ್ನೇ ಎಳೆದುಕೊಂಡು ಹೋಗುತ್ತದೆ. ಒಳ್ಳೆ ಜಾಕೆಟ್ಟು, ಪ್ಯಾಂಟು ಸಾಕು. ಬ್ಯಾಗಿನ ಮೇಲಿನ ಮಳೆ ಕವರನ್ನೂ ನಂಬಬೇಡ, ಹಾರಿಹೋಗುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನ ಒಳಗೆ ಹಾಕಿ ಅದರೊಳಗೆ ಬಟ್ಟೆ ತುಂಬು. ಟೆಂಟಿನ ಪ್ರತಿ ಗೂಟದ ಮೇಲೂ ಕಲ್ಲು ಹೇರು.

ಒಲೆ ಹಚ್ಚುವುದು ಅವರು ಹೇಳಿದ ಅಡುಗೆ ಜಾಗದಲ್ಲಿ ಮಾತ್ರ. ಎಷ್ಟೇ ಹಸಿವಾದರೂ ಟೆಂಟಿನ ಹತ್ತಿರ ಬೇಡ. 2005ರಲ್ಲಿ ಒಬ್ಬ ಪ್ರವಾಸಿಯ ಒಲೆಯಿಂದ ಹತ್ತಿದ ಬೆಂಕಿ, 2011ರ ಕೊನೆಯಲ್ಲಿ ಇನ್ನೊಬ್ಬನ ತಪ್ಪಿನಿಂದ ಹತ್ತಿದ ಬೆಂಕಿ, ಎರಡೂ ಸಾವಿರಾರು ಹೆಕ್ಟೇರ್ ಸುಟ್ಟವು. ಗಾಳಿ ಊದಿದರೆ ಕಿಡಿ ನಿಲ್ಲುತ್ತದಾ? ಪೈನೆ ಗ್ರಾಂದೆ ಕ್ಯಾಂಪು ದಾಟಿದ ಮೇಲೆ ಬೂದು ಬಣ್ಣದ ಸತ್ತ ಮರಗಳು ನಿಂತಿರುವುದನ್ನು ನೀನೇ ನೋಡುತ್ತೀಯ. ಲೆಂಗಾ ಬಹಳ ನಿಧಾನವಾಗಿ ಬೆಳೆಯುವ ಮರ. ಆ ದಾರಿಯಲ್ಲಿ ನಡೆಯುವಾಗ ಹೊಟ್ಟೆ ಉರಿಯುತ್ತದೆ.

ದಾರಿ ಪಕ್ಕ ಮುಳ್ಳಿನ ಗಿಡದಲ್ಲಿ ಕಡುನೀಲಿ ಹಣ್ಣು ಕಂಡರೆ ಅದು ಕಲಾಫಾತೆ. ನಮ್ಮ ಕವಳೆ ಹಣ್ಣು ನೆನಪಾಗುತ್ತದೆ. ಅದನ್ನು ತಿಂದವರು ಪ್ಯಾಟಗೋನಿಯಾಕ್ಕೆ ವಾಪಸ್ ಬರುತ್ತಾರೆ ಅಂತ ಅಲ್ಲಿಯವರ ಮಾತು. ನಾನು ಒಂದು ಹಿಡಿ ತಿಂದಿದ್ದೇನೆ.

ಟಿಕೆಟ್ ಬದಲಾಯಿಸಿದ ಮೇಲೆ ಫೋನ್ ಮಾಡು. ದುಡ್ಡು ಜಾಸ್ತಿಯಾದರೆ ಸಂಕೋಚ ಬೇಡ, ಅದರಲ್ಲಿ ಅರ್ಧ ನನ್ನದು. ನನ್ನ ದಪ್ಪ ಗ್ಲೌಸ್ ಒಂದು ಜೊತೆ ಇದೆ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ದಾರ ನಾನೇ ಹೊಲಿದಿದ್ದೇನೆ. ಭಾನುವಾರ ಬಂದು ತೆಗೆದುಕೊಂಡು ಹೋಗು. ಊಟಕ್ಕೆ ಇಲ್ಲೇ ಇರು.

ನಿನ್ನ,
ಹಳೇ ಜೊತೆಗಾರ