ದಸರೆಗೆ ಬರುವ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದಗಳು. ಈ ಸಲ ನಾಲ್ಕು ದಿನ ರಜೆ ಹಾಕಿ ಮೈಸೂರು ದಸರೆಗೆ ಬರುತ್ತೀಯ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ತುಂಬಾ ಖುಷಿಯಾಯಿತು. ನೃತ್ಯ ನೋಡಬೇಕು, ಯಾವುದಕ್ಕೆ ಹೋಗಲಿ ಅಂತ ನನ್ನನ್ನು ಕೇಳಲು ಹೇಳಿದೆಯಂತೆ. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅರಮನೆ ಮುಂದಿನ ದೊಡ್ಡ ವೇದಿಕೆಗೆ ಒಂದು ಸಂಜೆ ಹೋಗು, ಸಾಕು. ಏಳು ಗಂಟೆಗೆ ಅರಮನೆಯ ದೀಪಗಳೆಲ್ಲ ಒಟ್ಟಿಗೇ ಹತ್ತುವುದನ್ನು ನೋಡಲೇಬೇಕು. ಸಂಗೀತ ಕಚೇರಿಗೆ ಆ ಜಾಗ ಚೆನ್ನ. ನಲವತ್ತು ಜನ ಸೇರಿ ಮಾಡುವ ನೃತ್ಯರೂಪಕಕ್ಕೂ ಚೆನ್ನ. ಆದರೆ ಒಬ್ಬಳೇ ಕುಣಿಯುವಾಗ ಹಿಂದಿನ ಸಾಲಿನಲ್ಲಿ ಕೂತರೆ ಅವಳು ಹೆಬ್ಬೆರಳಿನಷ್ಟು ಕಾಣುತ್ತಾಳೆ. ಮುಖ ನೋಡಲು ಪಕ್ಕದ ಪರದೆಗೆ ಕಣ್ಣು ಹಾಕಬೇಕು. ನೃತ್ಯವನ್ನು ಹತ್ತಿರದಿಂದ ನೋಡಬೇಕು ಪುಟ್ಟಿ. ಅವಳ ಕಣ್ಣು ಕಾಣಬೇಕು. ಹೆಜ್ಜೆ ನೆಲಕ್ಕೆ ಬಿದ್ದ ಸದ್ದು ಮೈಕಿಲ್ಲದೆ ಕೇಳಬೇಕು.

ಹಾಗಾಗಿ ಉಳಿದ ಸಂಜೆಗಳನ್ನು ಜಗನ್ಮೋಹನ ಅರಮನೆಯ, ಕಲಾಮಂದಿರದ ಸಭಾಂಗಣಗಳಿಗೆ ಇಟ್ಟುಕೊ. ಕಾರ್ಯಕ್ರಮಗಳ ಪಟ್ಟಿ ಬಂದ ತಕ್ಷಣ ಅದರಲ್ಲಿ ಏಕವ್ಯಕ್ತಿ ಭರತನಾಟ್ಯ ಎಲ್ಲಿದೆ ಅಂತ ಹುಡುಕು. ದೊಡ್ಡ ಹೆಸರೇ ಆಗಬೇಕೆಂದಿಲ್ಲ. ಕಥಕ್, ಒಡಿಸ್ಸಿ ಇದ್ದರೆ ಅವನ್ನೂ ನೋಡು, ಬೇಡ ಅನ್ನುವುದಿಲ್ಲ. ಆದರೆ ಮೈಸೂರಿಗೆ ಬಂದು ಮೈಸೂರಿನದೇ ಅಭಿನಯ ನೋಡದೆ ಹೋದರೆ ನನಗೆ ಬೇಸರವಾಗುತ್ತದೆ.

ಇಲ್ಲಿನ ಬಾನಿ, ಅಂದರೆ ಭರತನಾಟ್ಯದ ಮೈಸೂರು ಶೈಲಿ, ಜಟ್ಟಿ ತಾಯಮ್ಮನವರಿಂದ ಅವರ ಶಿಷ್ಯೆ ವೆಂಕಟಲಕ್ಷಮ್ಮನವರಿಗೆ ಬಂತು. ವೆಂಕಟಲಕ್ಷಮ್ಮ ಕಡೂರು ಕಡೆಯ ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಿದುಷಿಯಾದರು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. 1992ರಲ್ಲಿ ಪದ್ಮಭೂಷಣ ಬಂತು. ಓಡಾಟ, ನೆಗೆತಕ್ಕಿಂತ ಮುಖದಲ್ಲಿ, ಬೆರಳಲ್ಲಿ ಹೇಳುವುದೇ ಈ ಬಾನಿಯ ಜೀವ.

ನಿನ್ನ ವಯಸ್ಸಿನಲ್ಲಿ ಆ ಪರಂಪರೆಯ ಒಬ್ಬ ಹಿರಿಯ ಕಲಾವಿದೆ ಜಾವಳಿ ಅನ್ನುವ ಪ್ರೇಮದ ಹಾಡಿಗೆ ಅಭಿನಯ ಮಾಡಿದ್ದನ್ನು ಎರಡನೇ ಸಾಲಿನಲ್ಲಿ ಕೂತು ನೋಡಿದ್ದೆ. ಹಾಡಿನ ಮಾತು ಇಷ್ಟೇ, ಅವನು ಇನ್ನೂ ಬರಲಿಲ್ಲ. ಹಾಡುವವರು ಅದೇ ಸಾಲನ್ನು ಮತ್ತೆ ಮತ್ತೆ ಹಾಡಿದರು. ಆಕೆ ಕೂತಲ್ಲಿಂದ ಏಳಲೇ ಇಲ್ಲ. ಒಂದು ಸಲ ಬಾಗಿಲ ಕಡೆ ಕಿವಿಗೊಟ್ಟರು. ಇನ್ನೊಂದು ಸಲ ಮುಡಿಯ ಹೂ ಮುಟ್ಟಿ ನೋಡಿಕೊಂಡರು, ಬಾಡಿದೆ ಅಂತ ನಮಗೆ ಗೊತ್ತಾಯಿತು. ಮತ್ತೊಂದು ಸಲ ದೀಪದ ಬತ್ತಿ ಮುಂದಕ್ಕೆ ತಳ್ಳಿದರು. ಕಡೆಗೆ ಅದೇ ಬತ್ತಿಯನ್ನು ನಿಧಾನವಾಗಿ ಹಿಂದಕ್ಕೆ ಎಳೆದರು. ವೇದಿಕೆ ಮೇಲೆ ದೀಪವೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ನನ್ನ ಪಕ್ಕದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೂ ಗಂಟಲು ಕಟ್ಟಿತ್ತು.

ಇಂಥ ಅಭಿನಯ ಕಾರ್ಯಕ್ರಮದ ಕೊನೆ ಭಾಗದಲ್ಲಿ ಬರುತ್ತದೆ, ನೆನಪಿರಲಿ. ನಡುವೆ ಹೆಜ್ಜೆ, ಅಭಿನಯ ಎರಡೂ ಸೇರಿದ ದೊಡ್ಡ ಭಾಗ, ವರ್ಣ, ಬರುತ್ತದೆ, ಅರ್ಧ ಗಂಟೆಗೂ ಜಾಸ್ತಿ. ಅದು ಮುಗಿದ ಕೂಡಲೇ ಎಷ್ಟೋ ಜನ ಎದ್ದು ಹೋಗುತ್ತಾರೆ. ನೀನು ಏಳಬೇಡ. ಅಭಿನಯದ ಹಾಡುಗಳಾದ ಪದ, ಜಾವಳಿ ಬರುವುದು ಆಮೇಲೆ. ಆಗ ಮುಂದಿನ ಕುರ್ಚಿ ಖಾಲಿಯಾಗಿರುತ್ತದೆ, ಹೋಗಿ ಕೂತುಕೊ. ಫೋನನ್ನು ಚೀಲದೊಳಗೆ ಹಾಕಿಬಿಡು, ಆಯ್ತಾ?

ಕಂಸಾಳೆಯನ್ನು ಮಾತ್ರ ಬಿಡಬೇಡ. ಮಲೆ ಮಾದಪ್ಪನ ಭಕ್ತರಾದ ದೇವರಗುಡ್ಡರ ಕುಣಿತ ಅದು, ನಮ್ಮ ಸೀಮೆಯದೇ. ಎಡಗೈಯಲ್ಲಿ ಬಟ್ಟಲಿನಂಥ ತಾಳ. ಬಲಗೈಯಲ್ಲಿ ದಾರಕ್ಕೆ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಆ ಚಪ್ಪಟೆ ತಾಳವನ್ನು ತಲೆ ಮೇಲೆ, ಬೆನ್ನ ಹಿಂದೆ ಬೀಸಿ ಪಕ್ಕದವನ ತಾಳಕ್ಕೆ ತಾಗಿಸುತ್ತಾರೆ. ಒಂದು ಗೇಣು ತಪ್ಪಿದರೂ ಪೆಟ್ಟು ಬೀಳುವುದು ಅವನ ಮುಖಕ್ಕೆ. ಹೋದ ವರ್ಷ ಕುಣಿತ ಮುಗಿಸಿ ಬಂದ ಒಬ್ಬ ಮುದುಕರ ಕೈ ನೋಡಿದೆ. ದಾರ ಉಜ್ಜಿ ಉಜ್ಜಿ ತೋರುಬೆರಳ ಮೇಲೆ ಒಂದು ಗೆರೆ, ಒಣಗಿದ ತೊಗಟೆ ಹಾಗೆ ಗಟ್ಟಿಯಾಗಿತ್ತು. "ಎಷ್ಟು ವರ್ಷವಾಯಿತು?" ಅಂತ ಕೇಳಿದೆ. "ಮಾದಪ್ಪನಿಗೆ ಗೊತ್ತು ತಾಯಿ" ಅಂದರು.

ಜಂಬೂಸವಾರಿಯ ದಿನ ಚಿನ್ನದ ಅಂಬಾರಿ ನೋಡಲು ಎಲ್ಲರೂ ಬರುತ್ತಾರೆ. ನೀನು ಆನೆಗಿಂತ ಮುಂದೆ ಹೋಗುವವರನ್ನು ನೋಡು. ವೀರಗಾಸೆ, ಡೊಳ್ಳು, ತಲೆ ಮೇಲೆ ಹೊತ್ತ ದೇವರನ್ನು ಕೈಯಲ್ಲಿ ಹಿಡಿಯದೆ ಕುಣಿಯುವ ಪೂಜಾ ಕುಣಿತ, ಕರಡಿ ಕೂದಲ ಟೋಪಿ ಹಾಕಿದ ಗೊರವರು. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್, ಅಷ್ಟು ದೂರವೂ ಕುಣಿದುಕೊಂಡೇ ಹೋಗುತ್ತಾರೆ. ಅವರು ಹತ್ತಿರ ಬಂದಾಗ ಜೋರಾಗಿ ಚಪ್ಪಾಳೆ ತಟ್ಟು. ಆಯಾಸ ಅವರ ಮುಖದಲ್ಲಿ ಕಾಣುತ್ತದೆ, ಚಪ್ಪಾಳೆ ಕೇಳಿದರೆ ಡೊಳ್ಳಿನ ಪೆಟ್ಟು ಮತ್ತೆ ಏರುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ.

ಸಯ್ಯಾಜಿ ರಾವ್ ರಸ್ತೆಯಲ್ಲಿ ಬೆಳಿಗ್ಗೆಯೇ ಜಾಗ ಹಿಡಿಯಬೇಕು. ಆ ದಿನ ಗಾಡಿ ಬಿಡುವುದಿಲ್ಲ, ನಡೆದೇ ಹೋಗೋಣ. ನೀರು, ಛತ್ರಿ, ಚಿತ್ರಾನ್ನದ ಡಬ್ಬಿ ನಾನು ತರುತ್ತೇನೆ. ನೀನು ಸವೆಯದ ಚಪ್ಪಲಿ ಹಾಕಿಕೊಂಡು ಬಾ. ಬಸ್ಸು ಹತ್ತಿದ ಕೂಡಲೇ ಒಂದು ಫೋನ್ ಮಾಡು, ಕೊಲು ಬೊಂಬೆ ಜೋಡಿಸಲು ಕೊನೆ ಮೆಟ್ಟಿಲು ನಿನಗಾಗಿ ಬಿಟ್ಟಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ